ಹಳದಿ ಬೀದಿಯ ನೇರಳೆ ಕಲೆ

ಫೋರ್ಕ್‌ಲಿಫ್ಟ್ ನೇರ ನನ್ನ ಕಡೆಗೇ ಬರುತ್ತಿತ್ತು.

ಬೆನ್ನ ಹಿಂದೆ ಡ್ರಮ್ಮುಗಳ ಸಾಲು. ಎಡಕ್ಕೆ ಡ್ರಮ್ಮು. ಬಲಕ್ಕೂ ಡ್ರಮ್ಮು. ಒಂದೊಂದರ ಮೇಲೂ ಬೆಂಕಿಯ ಚಿತ್ರ. ಒಳಗೆ ಪೇಂಟಿಗೆ ಬೆರೆಸುವ ಥಿನ್ನರ್. ಉಸಿರೆಳೆದರೆ ತಲೆ ಗಿರ್ರನೆ ತಿರುಗುವ ವಾಸನೆ...

ನನ್ನ ಕೈಯಲ್ಲಿದ್ದ ಆಯುಧ ಒಂದೇ. ಉಕ್ಕಿನ ಅಳತೆ ಟೇಪು!

"ಏಯ್ ಟೇಪು! ಅಲ್ಲೇ ನಿಂತ್ಕೋ!"

ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು ಮೊಳೆ. ಗೋಡೌನ್ ಕಾಯುವವನು. ಮೊಳೆಯ ಹಾಗೇ ಸಣಕಲ, ಮೊಳೆಯ ಹಾಗೇ ಚುಚ್ಚುವವನು. ಟೇಪು ಅಂದರೆ ನಾನು. ಜನರ ಕಟ್ಟಡದ ಫೈಲುಗಳನ್ನು ಯೋಜನಾ ಕಚೇರಿಯ ಒಂದು ಮೇಜಿನಿಂದ ಇನ್ನೊಂದಕ್ಕೆ ತಳ್ಳಿಸುವ ಏಜೆಂಟ್ ಕೆಲಸ ನನ್ನದು. ನಿಂತುಕೊಳ್ಳುವುದು ಅಲ್ಲಿ ಚೆನ್ನಾಗಿ ಅಭ್ಯಾಸವಾಗಿದೆ.

ಇಲ್ಲಿ ನಿಲ್ಲಲಿಲ್ಲ.

ಡ್ರಮ್ಮು ಹತ್ತಿದೆ. ಕಾಂಪೌಂಡ್ ಹಿಡಿದೆ. ಹಾರಿದೆ! ಪ್ಯಾಂಟು ಪರ್ರನೆ ಹರಿಯಿತು.

ಬಿದ್ದದ್ದು ಪಕ್ಕದ ಮನೆಯ ಹಿತ್ತಲಿಗೆ. ಆ ಮನೆಯ ಟೀಚರ್ ಬಟ್ಟೆ ಒಣಹಾಕುತ್ತಿದ್ದರು. ಬಾಯಲ್ಲಿದ್ದ ಕ್ಲಿಪ್ಪು ತೆಗೆದರು.

"ಅಳತೆ ಸಿಕ್ತಾ?"

"ಸಿಕ್ತು ಟೀಚರ್. ಅವರ ಡ್ರಮ್ಮಿಂದ ನಿಮ್ಮ ಅಡುಗೆಮನೆ ಗೋಡೆಗೆ ಒಂಬತ್ತು ಅಡಿ."

"ಹೋದ ತಿಂಗಳು ಅಲ್ಲಿ ಬೆಂಕಿ ಹತ್ತಿದಾಗ ಎರಡು ಮಕ್ಕಳನ್ನ ಕಂಕುಳಲ್ಲಿ ಇಟ್ಕೊಂಡು ಓಡಿದೀನಪ್ಪ. ಎಷ್ಟು ಹತ್ತಿರ ಅಂತ ನನಗೆ ಗೊತ್ತು."

ನಾನು ಅಲ್ಲಿಗೆ ಹೋಗಿದ್ದು ಟೀಚರಿಗಾಗಿ ಅಲ್ಲ. ಸುಳ್ಳು ಯಾಕೆ ಹೇಳಲಿ? ಹೋಗಿದ್ದು ನನ್ನ ಅಕ್ಕನಿಗಾಗಿ.

ಅದೇ ಬೀದಿ, ಗೋಡೌನಿನ ಎದುರು ಸಾಲು. ಅಲ್ಲಿ ಅಕ್ಕನ ಮರಗೆಲಸದ ಕಾರ್ಖಾನೆ. ಒಂದು ದೊಡ್ಡ ಗರಗಸದ ಯಂತ್ರ, ನಾಲ್ಕು ಜನ ಹೆಂಗಸರು. ಶಾಲೆಗಳಿಗೆ ಬೆಂಚು ಮಾಡಿಕೊಡುತ್ತಾರೆ. ಐದು ದಿನದ ಹಿಂದೆ ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಇದು ವಸತಿ ವಲಯ, ಏಳು ದಿನದಲ್ಲಿ ಮುಚ್ಚಿ!

ವಲಯ ನಕ್ಷೆ ನೋಡಿದ್ದೀರಾ? ಹಳದಿ ಅಂದರೆ ಮನೆ. ನೀಲಿ ಅಂದರೆ ಅಂಗಡಿ. ನೇರಳೆ ಅಂದರೆ ಕಾರ್ಖಾನೆ, ಗೋಡೌನು. ಕಚೇರಿಯ ಗೋಡೆಯಲ್ಲಿ ತೂಗುಹಾಕಿದ ನಕ್ಷೆಯಲ್ಲಿ ಅಕ್ಕನ ಜಾಗ ಹಳದಿ. ಟೀಚರ್ ಮನೆ ಹಳದಿ. ಇಡೀ ಬೀದಿ ಹಳದಿ. ನಡುವೆ ಉಗುರಿನಷ್ಟು ನೇರಳೆ ಕಲೆ. ಸರಿಯಾಗಿ ಆ ಗೋಡೌನಿನ ಮೇಲೆ!

ಅಕ್ಕನ ಮೇಲೆ ದೂರು ಕೊಟ್ಟವನೂ ಗೋಡೌನಿನ ಯಜಮಾನನೇ. ಬೀದಿಯವರೆಲ್ಲ ಅವನನ್ನು ಡ್ರಮ್ ಧಣಿ ಅನ್ನುತ್ತಾರೆ. ಲಾರಿ ತಿರುಗಿಸಲು ಅವನಿಗೆ ಅಕ್ಕನ ಜಾಗ ಬೇಕಿತ್ತು. ಡ್ರಮ್ಮಿನ ಅಳತೆ ತೋರಿಸಿ ಅವನ ಬಾಯಿ ಮುಚ್ಚಿಸೋಣ ಅಂತಲೇ ಬೆಳಿಗ್ಗೆ ಗೋಡೌನಿಗೆ ನುಗ್ಗಿದ್ದೆ.

ನನ್ನ ಲೆಕ್ಕಾಚಾರ ಇಷ್ಟೇ. ಮೂಲ ನಕ್ಷೆಯಲ್ಲಿ ಬೀದಿ ಪೂರ್ತಿ ನೇರಳೆ ಇದ್ದಿರಬೇಕು. ಯಾರೋ ಅಕ್ಕನ ಬಣ್ಣ ಅಳಿಸಿದ್ದಾರೆ. ಮೂಲ ನಕ್ಷೆ ಸಿಕ್ಕರೆ ಅಕ್ಕ ಪಾರು. ದೂರಿನ ವಿಚಾರಣೆ ಅವತ್ತೇ ಮಧ್ಯಾಹ್ನ ಮೂರಕ್ಕೆ.

ಯೋಜನಾ ಕಚೇರಿ, ನಾಲ್ಕನೇ ಕೌಂಟರು.

"ಮೂಲ ನಕ್ಷೆ ನೋಡ್ಬೇಕು ಸಾರ್."

"ಏಳಕ್ಕೆ ಹೋಗಿ."

ಏಳನೇ ಕೌಂಟರು.

"ನಾಲ್ಕರ ಸೀಲ್ ಎಲ್ಲಿ?"

ಮತ್ತೆ ನಾಲ್ಕು.

"ಸೀಲ್ ಇರೋರು ಟೀಗೆ ಹೋಗಿದಾರೆ."

"ಯಾವಾಗ ಬರ್ತಾರೆ?"

"ಟೀ ಮುಗಿದ್ಮೇಲೆ."

"ಟೀ ಯಾವಾಗ ಮುಗಿಯುತ್ತೆ?"

"ಅದು ನಮ್ಮ ಸೆಕ್ಷನ್ ಅಲ್ಲ."

ಫೋರ್ಕ್‌ಲಿಫ್ಟ್ ಮುಂದೆ ಬಾರದ ಕಣ್ಣೀರು ಅಲ್ಲಿ ಬಂತು! ಕೌಂಟರಿನ ಗಾಜಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಚಚ್ಚಿಕೊಂಡರೆ ಗಾಜಿನ ದುರಸ್ತಿಗೆ ಇನ್ನೊಂದು ಫಾರ್ಮು ತುಂಬಿಸುತ್ತಾರೆ...

ಸೀಲು ಬಿತ್ತು. ಆಗಲೇ ಎರಡು ಗಂಟೆ.

ದಾಖಲೆ ಕೋಣೆಯ ಮೇಡಂ ಎದ್ದರು. ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಒಂದೊಂದು ಕಡತ ಹೇರಿದರು.

ಬೀದಿ ಹುಡುಕಿದೆ. ಸಿಕ್ಕಿತು.

ಬೆರಳಿಟ್ಟು ಮತ್ತೆ ನೋಡಿದೆ.

ಗೋಡೌನು ಹಳದಿ. ಅಕ್ಕನ ಜಾಗವೂ ಹಳದಿ! ನೇರಳೆ ಎಲ್ಲೂ ಇಲ್ಲ.

"ಮೇಡಂ... ಆ ನೇರಳೆ ಎಲ್ಲಿಂದ ಬಂತು?"

"ಕಂಪ್ಯೂಟರಿಗೆ ಹತ್ತಿಸುವಾಗ ಬಂದಿದೆ. ಬದಲಾಯಿಸೋಕೆ ಆದೇಶ ಇದೆಯಾ ಅಂತ ನಾನೂ ಹುಡುಕಿದೆ. ಇಲ್ಲ." ಮೇಡಂ ನಕಲಿನ ಮೇಲೆ ಸಹಿ ಹಾಕಿದರು. "ಕೊಡೋದು ನನ್ನ ಕೆಲಸ. ಇನ್ನು ಓಡೋದು ನಿಮ್ಮ ಕೆಲಸ."

ಓಡಿದೆ.

ವಿಚಾರಣೆ ನಡೆಯುವ ಮುಖ್ಯ ಕಚೇರಿ ಎರಡು ಮೈಲಿ ದೂರ. ಸ್ಕೂಟರ್ ಹತ್ತಿದೆ. ಕನ್ನಡಿಯಲ್ಲಿ ಲಾರಿ! ಎಡಕ್ಕೆ ತಿರುಗಿದೆ. ಲಾರಿಯೂ ತಿರುಗಿತು. ಓಣಿಗೆ ನುಗ್ಗಿದೆ. ಓಣಿಯ ಆ ತುದಿಯಲ್ಲಿ ಕಾರು ಅಡ್ಡ ನಿಂತಿತ್ತು. ಒರಗಿಕೊಂಡು ನಿಂತಿದ್ದವನು ಡ್ರಮ್ ಧಣಿ. ಕೌಂಟರಿನವರು ಸೀಲು ಹಾಕಲು ತಡಮಾಡಿದ್ದರು. ಧಣಿಗೆ ಫೋನ್ ಮಾಡಲು ತಡಮಾಡಿರಲಿಲ್ಲ.

ಲಾರಿಯಿಂದ ಇಳಿದ ಮೊಳೆ ಹಿಂದಿನಿಂದ ನನ್ನ ಕಾಲರ್ ಹಿಡಿದ.

"ತಮ್ಮಾ, ಆ ಕಾಗದ ಇಲ್ಲಿ ಕೊಡು," ಧಣಿಯ ದನಿ ಬೆಣ್ಣೆ. "ದೂರು ವಾಪಸ್ ತಗೋತೀನಿ. ತಿಂಗಳೊಳಗೆ ನಿಮ್ಮಕ್ಕನ ಜಾಗಾನೂ ನೇರಳೆ ಮಾಡಿಸ್ತೀನಿ. ಅವರ ಗರಗಸ ತಿರುಗ್ಲಿ, ನನ್ನ ಲಾರಿ ಓಡ್ಲಿ."

"ಕೊಡದಿದ್ರೆ?"

"ಇಬ್ಬರೂ ಮುಚ್ಚಬೇಕು. ನಾನು ಇನ್ನೊಂದು ಕಡೆ ತೆಗೀತೀನಿ. ನಿಮ್ಮಕ್ಕ ಏನ್ ಮಾಡ್ತಾರೆ?"

ಮಾತು ನಿಜ. ಅದಕ್ಕೇ ಮೈ ಉರಿಯಿತು!

"ಅಕ್ಕನ್ನ ಕೇಳ್ಬೇಕು."

"ಧಾರಾಳವಾಗಿ ಕೇಳು." ಉತ್ತರ ತನಗೆ ಗೊತ್ತು ಅನ್ನುವ ನಗು.

ಫೋನ್ ಮಾಡಿದೆ. ಆ ಕಡೆ ಗರಗಸದ ಕಿರುಚಾಟ.

"ಏನೋ, ಊಟ ಆಯ್ತಾ?"

"ಇಲ್ಲಕ್ಕ..." ಎಲ್ಲ ಹೇಳಿದೆ. ನಡುವೆ ಗರಗಸ ನಿಂತಿತು.

"ನಾವಿಬ್ರೂ ನೇರಳೆ ಆದ್ರೆ ಟೀಚರ್ ಮನೆ?"

"ಅಲ್ಲೇ ಇರುತ್ತೆ."

"ಡ್ರಮ್ಮು ಎಷ್ಟು ದೂರ ಅಂದೆ?"

"ಒಂಬತ್ತು ಅಡಿ."

"ನನ್ನ ಕೆಲಸದ ಮೇಜೇ ಹತ್ತಡಿ ಇದೆಯಲ್ಲೋ!"

ಅಲ್ಲಿ ಯಾರೋ ಹೆಂಗಸು "ಏನಂತಕ್ಕ?" ಎಂದು ಕೇಳಿದ್ದು ಕೇಳಿಸಿತು.

"ಕೊಟ್ಬಿಡು."

"ಯಾರಿಗಕ್ಕ?"

"ಅದನ್ನೂ ನಾನೇ ಹೇಳ್ಕೊಡ್ಬೇಕಾ, ದಡ್ಡ? ಆಫೀಸರಿಗೆ!"

ಆ ಕೂಗು ಫೋನಿನಿಂದ ಹೊರಗೂ ಕೇಳಿಸಿತು. ಧಣಿಯ ನಗು ಆರಿತು. ಮೊಳೆಯ ಹಿಡಿತ ಬಿಗಿಯಾಯಿತು. ನಾನು ಜೇಬಿನ ಟೇಪನ್ನು ಸರ್ರನೆ ಎಳೆದು ಹಿಂದಕ್ಕೆ ಬೀಸಿದೆ. ಉಕ್ಕಿನ ಪಟ್ಟಿ ಅವನ ಮೂಗಿಗೆ ಛಟೀರ್!

"ಅಯ್ಯಪ್ಪಾ!"

ಕಾಲರ್ ಬಿಟ್ಟ. ಸ್ಕೂಟರನ್ನು ಅಲ್ಲೇ ಬಿಟ್ಟೆ. ಕಾರಿನ ಬಾನೆಟ್ ಮೇಲೆ ಹತ್ತಿ ಆಚೆ ಹಾರಿದೆ. ಮಾರುಕಟ್ಟೆಯ ಜನರ ನಡುವೆ ನುಗ್ಗಿದೆ. ಹಿಂದೆ ಬೈಗುಳ, ಹಾರನ್ನು, ಮತ್ತೆ ಬೈಗುಳ... ಹರಿದ ಪ್ಯಾಂಟಿನಲ್ಲಿ, ಕಾಗದ ಅಂಗಿಯೊಳಗೆ ತುರುಕಿಕೊಂಡು ಮುಖ್ಯ ಕಚೇರಿ ಮುಟ್ಟಿದಾಗ ಮೂರಕ್ಕೆ ಒಂದು ನಿಮಿಷ ಬಾಕಿ.

ಅಧಿಕಾರಿ ನಕಲು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ಎರಡೂ ಕಡೆ ಹಳದಿ. ನಿಮ್ಮ ಅಕ್ಕಂದೂ ಮುಚ್ಚುತ್ತೆ. ಗೊತ್ತೇನ್ರೀ?"

"ಗೊತ್ತು ಸಾರ್."

"ಗೊತ್ತಿದ್ದೂ ತಂದ್ರಾ?"

"ಅಕ್ಕ ತಗೊಂಡ್ಹೋಗು ಅಂದ್ಲು."

ಅವರು ಬರೆದರು. ಗೋಡೌನ್ ಅಕ್ರಮ, ತೆರವು ಮಾಡತಕ್ಕದ್ದು. ಕಾಲಾವಕಾಶ... ತೊಂಬತ್ತು ದಿನ!

"ತೊಂಬತ್ತಾ? ಯಾಕೆ ಸಾರ್?"

"ಅಪಾಯಕಾರಿ ಸರಕು. ಸಾಗಿಸೋಕೆ ಟೈಮ್ ಬೇಕು."

"ಅಕ್ಕನಿಗೆ?"

"ಏಳು ದಿನದ ನೋಟಿಸು. ಇನ್ನೂ ಎರಡು ದಿನ ಇದೆಯಲ್ಲ? ಅದು ಬರೀ ಮರ."

"ಅಂದ್ರೆ ಅಪಾಯ ಜಾಸ್ತಿ ಇದ್ದೋರಿಗೆ ಟೈಮೂ ಜಾಸ್ತಿನಾ ಸಾರ್?"

"ರೂಲ್ಸ್ ಹಾಗಿದೆ. ನಾನು ಬರೆದದ್ದಲ್ಲ."

"ಮತ್ತೆ ಆ ನೇರಳೆ ಬಣ್ಣ ಹಚ್ಚಿದವರು?"

"ಕಂಪ್ಯೂಟರ್ ದೋಷ." ಪೆನ್ನಿನ ಮುಚ್ಚಳ ಹಾಕಿದರು.

ಎರಡನೇ ದಿನ ಸಂಜೆ ಗರಗಸ ಬಿಚ್ಚಿದೆವು. ಅಕ್ಕ ಅಳಲಿಲ್ಲ. ಒಂದೊಂದು ಬೋಲ್ಟನ್ನೂ ಒರೆಸಿ ಡಬ್ಬಿಗೆ ಹಾಕಿದಳು. ಟೀಚರ್ ಬಂದು ಬಾಗಿಲಲ್ಲಿ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ಇನ್ನೊಂದು ತುದಿ ಹಿಡಿದರು.

ಈಗ ಅಕ್ಕನದು ಊರಾಚೆಯ ನೇರಳೆ ವಲಯದಲ್ಲಿ ಬಾಡಿಗೆ ಶೆಡ್ಡು. ಎರಡು ಬಸ್ ಬದಲಾಯಿಸಬೇಕು. ನಾಲ್ಕು ಹೆಂಗಸರಲ್ಲಿ ಇಬ್ಬರಿಗೆ ಅಷ್ಟು ದೂರ ಬರಲು ಆಗಲಿಲ್ಲ. ಡ್ರಮ್ ಧಣಿ ಎಂಬತ್ತೊಂಬತ್ತನೇ ದಿನ ಕೊನೆಯ ಡ್ರಮ್ಮು ಎತ್ತಿಸಿದ. ಅಷ್ಟೂ ದಿನ ಟೀಚರ್ ಮಕ್ಕಳ ಚಪ್ಪಲಿಯನ್ನು ಬಾಗಿಲ ಬಳಿ ಹೊರಮುಖವಾಗಿಯೇ ಇಟ್ಟು ಮಲಗಿದರಂತೆ.

ಮೊನ್ನೆ ಆ ಬೀದಿಗೆ ಹೋಗಿದ್ದೆ. ಎಲ್ಲ ನಕ್ಷೆಯಲ್ಲಿ ಇದ್ದ ಹಾಗೇ ಇದೆ. ರೂಲ್ಸ್ ಪ್ರಕಾರ ಎಳ್ಳಷ್ಟೂ ತಪ್ಪಿಲ್ಲ...

ಅಕ್ಕ ಮಾತ್ರ ಇಲ್ಲ!