ಭಾವನ ಪೇಟೆಂಟ್

ಔಷಧದ ಕಣಗಳಿಗೆ ಪಾಲಿಮರ್ ಲೇಪ ಹಚ್ಚಿ, ಒಂದು ಕ್ಯಾಪ್ಸೂಲ್ ನುಂಗಿದರೆ ಇಡೀ ದಿನ ನಿಧಾನವಾಗಿ ಕೆಲಸ ಮಾಡುವಂತೆ ಮಾಡಿದವನು ಅವನು. ಪೇಟೆಂಟ್ ಅರ್ಜಿಯಲ್ಲಿ ಸಂಶೋಧಕನೆಂದು ಹೆಸರು ಹಾಕಿಕೊಂಡವನು ಅವನು ಕೆಲಸ ಮಾಡುವ ಕಾರ್ಖಾನೆಯ ಮಾಲೀಕ, ಅಂದರೆ ಅವನ ಅಕ್ಕನ ಗಂಡ. ಲೇಪಕ್ಕೂ ಲೇಹ್ಯಕ್ಕೂ ವ್ಯತ್ಯಾಸ ಗೊತ್ತಿಲ್ಲದ ಆಸಾಮಿ. ಕೇಳಿದ್ದಕ್ಕೆ ಬೆನ್ನು ತಟ್ಟಿ, "ಮನೆಯೋರ ನಡುವೆ ಹೆಸರೇನು ಬಿಡೋ" ಎಂದಿದ್ದ. ಅಕ್ಕನೂ ಹೂಂಗುಟ್ಟಿದ್ದಳು. ಅದು ಅವನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು.

ಹೊಸದಲ್ಲದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ಇದೇ ಮಾಲು ಹಿಂದೆಯೇ ಅಂಗಡಿಯಲ್ಲಿ ಮಾರಾಟವಾಗಿತ್ತು ಎಂದು ತೋರಿಸಿಬಿಟ್ಟರೆ ಭಾವನ ಅರ್ಜಿ ಕಸದ ಬುಟ್ಟಿಗೆ. ಎದುರಾಳಿ ಕಂಪನಿ ಆಗಲೇ ತಕರಾರು ಹಾಕಿ, ಸಾಕ್ಷಿ ಸಿಗದೆ ಪರದಾಡುತ್ತಿತ್ತು. ಹಾವು ಸಾಯಬೇಕು, ಕೋಲು ಮುರಿಯಬಾರದು. ಸಾಕ್ಷಿಯನ್ನು ಅವನೇ ತಯಾರಿಸಿದ.

ಎಂದೋ ಬಾಗಿಲು ಹಾಕಿದ್ದ ಕಂಪನಿಯೊಂದರ ಸೀಸೆ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಔಷಧ ಅದೇ, ಅವಧಿ ಮುಗಿದು ಎಷ್ಟೋ ವರ್ಷ. ಹಬೆಗೆ ಹಿಡಿದು ಸೀಲು ಬಿಡಿಸಿದ. ಕ್ಯಾಪ್ಸೂಲ್‌ಗಳನ್ನು ಬಿಚ್ಚಿ, ಒಳಗಿನ ಪುಡಿ ಚೆಲ್ಲಿ, ತನ್ನ ಕಣಗಳನ್ನು ತುಂಬಿದ. ಹಳೆಯ ಹತ್ತಿಯನ್ನೇ ಮರಳಿ ತುರುಕಿದ. ಹಳೆಯ ಮಾಲೆನಿಸಲು ಲೇಪವನ್ನು ಸ್ವಲ್ಪ ಕಳಪೆಯಾಗಿ ಹಚ್ಚಬಹುದಿತ್ತು, ಆದರೆ ಕೈ ಒಪ್ಪಲಿಲ್ಲ. ಕೆಟ್ಟ ಕೆಲಸವನ್ನೂ ಕೆಟ್ಟದಾಗಿ ಮಾಡುವ ಜಾಯಮಾನ ಅವನದಲ್ಲ. ಸೀಲು ಅಂಟಿಸಿ ಭೂತಗನ್ನಡಿಯಲ್ಲಿ ನೋಡಿದರೆ ತನಗೇ ಗುರುತು ಹತ್ತಲಿಲ್ಲ. ಕೈಗವಸು ಬಿಚ್ಚದೆಯೇ ಪೊಟ್ಟಣ ಕಟ್ಟಿ, ಹೆಸರಿಲ್ಲದೆ ಎದುರಾಳಿಗೆ ಕಳಿಸಿದ.

ವಿಚಾರಣೆಯ ದಿನ, ಮುಖಕ್ಕೆ ಬೇಕಾದಷ್ಟು ದುಃಖ ಬಳಿದುಕೊಂಡು ಭಾವನ ಪಕ್ಕದಲ್ಲೇ ಕುಳಿತ. ಎದುರಾಳಿ ಕಡೆಯವರು ಆ ಸೀಸೆಯನ್ನು ಮುಂದಿಟ್ಟು, ಅದರ ಪ್ರಯೋಗಾಲಯದ ವರದಿ ಓದಿದರು. ಅದೇ ಲೇಪ, ಅದೇ ಗಾತ್ರ, ಇಡೀ ದಿನ ಔಷಧ ಬಿಡುವ ಅದೇ ಗುಣ. ಎದುರಾಳಿ ವಕೀಲ ಮೀಸೆ ತಿರುವಿದ. ಭಾವನ ಮುಖ ಹುಳ್ಳಗಾಯಿತು. ಅವನಿಗೋ ಎದ್ದು ಕುಣಿಯಬೇಕೆನಿಸಿತು.

ಪೇಟೆಂಟ್ ಅಧಿಕಾರಿ, ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು, ಕನ್ನಡಕ ಏರಿಸಿಕೊಂಡು ಸೀಸೆಯ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿದರು. "ದಿನಕ್ಕೆ ಮೂರು ಸಲ, ಊಟ ಆದ್ಮೇಲೆ ಅಂತಿದೆಯಲ್ರೀ" ಎಂದರು. "ಇಡೀ ದಿನ ಕೆಲಸ ಮಾಡೋದನ್ನ ಮೂರು ಸಲ ಯಾರ್ರೀ ನುಂಗ್ತಾರೆ? ಸೀಸೆ ಹಳೇದು, ಒಳಗಿರೋ ಮಾಲು ಈಗಿಂದು. ಇದನ್ನ ಮಾಡೋಕೆ ಯಾರಿಗೆ ಬರುತ್ತೆ?" ಭಾವ ಹಿಂದುಮುಂದು ನೋಡದೆ ಎದ್ದು ನಿಂತು ಅವನತ್ತ ಕೈತೋರಿದ. "ನಮ್ಮ ಭಾವಮೈದ ಒಬ್ಬನಿಗೇ, ಮೇಡಂ. ಕಂಡುಹಿಡಿದಿದ್ದೂ ಅವನೇ. ನನಗೆ ಇದರಲ್ಲಿ ಏನಂದ್ರೆ ಏನೂ ಗೊತ್ತಿಲ್ಲ."