ಹತ್ತು ದೀಪಗಳ ವರದಿ

ನವೆಂಬರ್ ಹದಿನೇಳು, ಮಂಗಳವಾರ. ಬೆಳಿಗ್ಗೆ 6-25ಕ್ಕೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಫೋನ್ ಬಂತು. ಅಂಚೆ ಹೊತ್ತು ಬಂದ ಚಿಕ್ಕ ವಿಮಾನವೊಂದು ಮಂಜಿನಲ್ಲಿ ಇಳಿಯುವಾಗ ರನ್‌ವೇ ಬಿಟ್ಟು ಪಕ್ಕದ ಚರಂಡಿಗೆ ಅಪ್ಪಳಿಸಿತ್ತು. ಅದರಲ್ಲಿದ್ದುದು ಪೈಲಟ್ ಒಬ್ಬಳೇ. ಮೂವತ್ತೆರಡು ವರ್ಷದ ಹೆಣ್ಣುಮಗಳು. ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ 6-40ಕ್ಕೆ ಸ್ಥಳ ತಲುಪಿದಾಗ ಉಸಿರು ನಿಂತಿತ್ತು. ಅವಳ ತೊಡೆಗೆ ಪಟ್ಟಿಯಿಂದ ಬಿಗಿದಿದ್ದ ಸಣ್ಣ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಹಾಳೆ ಇತ್ತು. ಅದನ್ನು ಪಂಚರ ಎದುರು ವಶಪಡಿಸಿಕೊಂಡರು.

ತಾಯಿಗೆ ಸುದ್ದಿ ಮುಟ್ಟಿಸಿದವರು ಇನ್‌ಸ್ಪೆಕ್ಟರೇ. ಆಕೆ ದರ್ಜಿ. ಹೊಲಿಗೆ ಯಂತ್ರದ ಗಾಲಿಯನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿ, "ಇಳಿಯುವಾಗಲಾ?" ಎಂದು ಕೇಳಿದರು. ಇನ್‌ಸ್ಪೆಕ್ಟರ್ ಹೌದೆಂದರು.

ಅಸಹಜ ಸಾವು ಎಂದು ಪ್ರಕರಣ ದಾಖಲಾಯಿತು. ಪತ್ರಿಕೆಗಳು ಪೈಲಟಿನ ಅವಸರವೇ ಕಾರಣವೆಂದು ಬರೆದವು. ಶನಿವಾರ 11 ಗಂಟೆಗೆ ತಾಯಿ ದೂರಿನ ಅರ್ಜಿ ಹಿಡಿದು ಠಾಣೆಗೆ ಬಂದರು.

"ಕಂಡ ಮಂಜನ್ನೂ ಲೆಕ್ಕಿಸದೆ ನುಗ್ಗಿದಳು ಅಂತ ಬರೆದಿದ್ದಾರೆ ಸಾರ್. ಸತ್ತವಳು ಬಂದು ಇಲ್ಲ ಅನ್ನೋಕಾಗಲ್ಲ. ಅದಕ್ಕೆ ನಾನು ಬಂದೆ."

"ಹೆತ್ತ ಕರುಳು, ಹಾಗೇ ಅನಿಸುತ್ತಮ್ಮ" ಎಂದ ಹೆಡ್ ಕಾನ್‌ಸ್ಟೆಬಲ್.

"ಕರುಳಿನ ಮಾತಲ್ಲಪ್ಪ. ಅವಳ ತೊಡೆ ಮೇಲೆ ಹಾಳೆ ಇರುತ್ತೆ. ತೋರಿಸಿ."

"ನಾವೂ ನೋಡಿದ್ವಿ. ನನ್ನ ಮಗನ ಬೀಜಗಣಿತಾನೇ ಇದಕ್ಕಿಂತ ವಾಸಿ."

ಇನ್‌ಸ್ಪೆಕ್ಟರ್ ಕಣ್ಸನ್ನೆಯಲ್ಲಿ ಅವನನ್ನು ಸುಮ್ಮನಾಗಿಸಿ, ಹಾಳೆಯ ಪ್ರತಿಯನ್ನು ಮೇಜಿನ ಮೇಲಿಟ್ಟರು. ಆಕೆ ಕನ್ನಡಕ ಏರಿಸಿಕೊಂಡು, ಸೂಜಿ ಚುಚ್ಚಿ ಒರಟಾದ ಬೆರಳನ್ನು ಸಾಲಿನ ಮೇಲೆ ಸರಿಸಿದರು.

"ಇದು ನಿಲ್ದಾಣದ ಗುರುತು. ಇದು ತಾರೀಕು, ಗಂಟೆ. ಇಲ್ಲಿ ಬರೀ ಸೊನ್ನೆ, ಅಂದ್ರೆ ಗಾಳಿ ಇಲ್ಲ. ಎಫ್‌ಜಿ ಅಂದ್ರೆ ಮಂಜು. ಈಗ ನೋಡಿ. ಆರ್ ಅಂದ್ರೆ ರನ್‌ವೇ, ಸೊನ್ನೆ ಒಂಬತ್ತು ಅದರ ನಂಬರು. ಗೆರೆ ಆದ್ಮೇಲೆ ಸೊನ್ನೆ ಆರು ಸೊನ್ನೆ ಸೊನ್ನೆ. ರನ್‌ವೇ ಮೇಲೆ ಆರುನೂರು ಮೀಟರ್ ಕಾಣುತ್ತೆ ಅಂತ ಅರ್ಥ."

"ಇದೆಲ್ಲ ನಿಮಗೆ ಯಾರು ಹೇಳಿಕೊಟ್ರು?"

"ಪರೀಕ್ಷೆಗೆ ಓದುವಾಗ ನನಗೇ ಪಾಠ ಒಪ್ಪಿಸ್ತಿದ್ಳು. ನಾನು ಗುಂಡಿ ಹೊಲೀತಾ ಕೇಳ್ತಿದ್ದೆ, ತಪ್ಪಿದ್ರೆ ಬೈತಿದ್ದೆ. ಐನೂರ ಐವತ್ತಕ್ಕಿಂತ ಕಡಿಮೆ ಅಂತ ವರದಿ ಬಂದ್ರೆ ಇಳಿಯೋ ಹಾಗಿಲ್ಲ, ಬೇರೆ ನಿಲ್ದಾಣಕ್ಕೆ ಹೋಗ್ಬೇಕು. ಆರುನೂರು ಅಂದಿದ್ದಕ್ಕೆ ಬಂದಳು. ಆರುನೂರು ನಿಜವಾಗ್ಲೂ ಇತ್ತಾ? ಅದನ್ನ ವಿಚಾರಿಸಿ ಸಾರ್. ಇದ್ದಿದ್ರೆ ತಪ್ಪು ಅವಳದೇ. ನಾನು ಬಾಯಿ ಮುಚ್ಚಿಕೊಂಡು ಹೋಗ್ತೀನಿ."

12-10ಕ್ಕೆ ಎಫ್‌ಐಆರ್ ದಾಖಲಾಯಿತು.

ನಿಯಂತ್ರಣ ಗೋಪುರದ ಧ್ವನಿಮುದ್ರಣದಲ್ಲಿಯೂ ಆರುನೂರೇ ಇತ್ತು. ಗೋಪುರಕ್ಕೆ ಅದನ್ನು ಕೊಟ್ಟದ್ದು ಹವಾಮಾನ ಕಚೇರಿ. ರನ್‌ವೇ ಮೇಲಿನ ನೋಟವನ್ನು ಅಳೆಯುವ ಯಂತ್ರ ಕೆಟ್ಟು ದುರಸ್ತಿಗೆ ಹೋಗಿ ಹನ್ನೊಂದು ದಿನವಾಗಿತ್ತು. ಅಂಥ ಸಮಯದಲ್ಲಿ ವೀಕ್ಷಕರೊಬ್ಬರು ಜೀಪಿನಲ್ಲಿ ರನ್‌ವೇಯ ತುದಿಗೆ ಹೋಗಿ, ಗುರುತು ಮಾಡಿದ ಜಾಗದಲ್ಲಿ ನಿಂತು, ಅಂಚಿನಲ್ಲಿ ಕಾಣುವ ದೀಪಗಳನ್ನು ಎಣಿಸುತ್ತಾರೆ. ದೀಪದಿಂದ ದೀಪಕ್ಕೆ ಅರವತ್ತು ಮೀಟರ್. ಆ ದಿನದ ಪುಸ್ತಕದಲ್ಲಿ ಹೀಗೆ ಬರೆದಿತ್ತು: 5-55, ಹತ್ತು ದೀಪ, 600. ಕೆಳಗೆ ಹಿರಿಯ ವೀಕ್ಷಕರ ಸಹಿ.

ಅವರನ್ನು ಕಚೇರಿಯಲ್ಲಿ ಎಲ್ಲರೂ ದುರ್ಬೀನಪ್ಪ ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ, ಇಳಿಯಲು ಬರುತ್ತಿದ್ದ ವಿಮಾನದ ಚಕ್ರ ಹೊರಬಂದಿಲ್ಲವೆಂದು ಬರಿಗಣ್ಣಿನಲ್ಲಿ ಗುರುತಿಸಿ ಅರವತ್ತು ಜನರನ್ನು ಉಳಿಸಿದವರು. ಆ ಹೆಸರು ಅಂದಿನಿಂದ ಬಂದದ್ದು.

"ಎಷ್ಟು ದೀಪ ಕಂಡವು?" ಇನ್‌ಸ್ಪೆಕ್ಟರ್ ಕೇಳಿದರು.

"ಹತ್ತು."

"ಖಚಿತವಾಗಿ?"

"ಮೂವತ್ತೊಂದು ವರ್ಷದಿಂದ ಎಣಿಸ್ತಿದ್ದೀನಿ ಸಾರ್."

"ಕಣ್ಣಿನ ಪರೀಕ್ಷೆ?"

ಅವರು ಪ್ರಮಾಣಪತ್ರ ಕೊಟ್ಟರು. ದೃಷ್ಟಿ ಉತ್ತಮವೆಂದಿತ್ತು. ದಿನಾಂಕದ ಕೊನೆಯ ಅಂಕಿಯ ಶಾಯಿ ಮಾತ್ರ ಬೇರೆಯಾಗಿತ್ತು.

ಜೀಪ್ ಚಾಲಕ ಮೊದಲು ತನಗೇನೂ ಗೊತ್ತಿಲ್ಲವೆಂದ. ಎರಡನೆಯ ಸಲ ಕರೆಸಿದಾಗ ತಲೆ ತಗ್ಗಿಸಿ ಕುಳಿತ.

"ಹೊತ್ತು ಹೋಗಲಿ ಅಂತ ನಾನೂ ಎಣಿಸ್ತೀನಿ ಸಾರ್. ಆವತ್ತು ಏಳು. ಅವರು ಫೋನಲ್ಲಿ ಹತ್ತು ಅಂದ್ರು."

"ಬಾಯಿ ಬಿಡಬಾರದಿತ್ತಾ?"

"ಅವರು ದುರ್ಬೀನಪ್ಪ. ನಾನು ಸ್ಟೀರಿಂಗ್ ತಿರುಗಿಸೋನು. ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ."

ಏಳು ದೀಪವೆಂದರೆ ನಾನೂರ ಇಪ್ಪತ್ತು ಮೀಟರ್.

ಕಣ್ಣಿನ ಆಸ್ಪತ್ರೆಯ ದಾಖಲೆ ಬುಧವಾರ ಸಿಕ್ಕಿತು. ಎಂಟು ತಿಂಗಳ ಹಿಂದೆಯೇ ವೈದ್ಯರು, ಅಕ್ಷಿಪಟಲ ಸವೆಯುತ್ತಿದೆ, ಇದು ಸರಿಹೋಗುವಂಥದ್ದಲ್ಲ, ದೂರ ನೋಡುವ ಕೆಲಸ ಬಿಡಬೇಕು ಎಂದು ಬರೆದುಕೊಟ್ಟಿದ್ದರು. ಕಚೇರಿಗೆ ಕೊಟ್ಟದ್ದು ಹಳೆಯ ಪತ್ರ, ವರ್ಷ ತಿದ್ದಿದ್ದು.

ಗುರುವಾರ ತೆಳುವಾದ ಮಂಜು ಬಿದ್ದಿತ್ತು. ಒಂದು ಗಂಟೆ ರನ್‌ವೇ ಮುಚ್ಚಿಸಿ, 6-05ಕ್ಕೆ ಪಂಚರೊಂದಿಗೆ ದುರ್ಬೀನಪ್ಪನವರನ್ನು ಅದೇ ಗುರುತಿನ ಮೇಲೆ ನಿಲ್ಲಿಸಿದರು.

"ವರದಿ ಕೊಡುವ ಹಾಗೇ ಎಣಿಸಿ."

ಅವರು ಹುಬ್ಬಿನ ಮೇಲೆ ಕೈ ಇಟ್ಟು ನೋಡಿದರು. ತುಟಿಗಳು ಅಲುಗಿದವು. "ಹತ್ತು."

ಇನ್‌ಸ್ಪೆಕ್ಟರ್ ವಾಕಿಟಾಕಿಯಲ್ಲಿ ಎಲೆಕ್ಟ್ರಿಷಿಯನ್‌ನನ್ನು ಕೇಳಿದರು. "ಎಷ್ಟು ತೆರೆದಿವೆ?"

"ಏಳೇ ಸಾರ್. ಎಂಟನೆಯದರಿಂದ ಎಲ್ಲಕ್ಕೂ ಕಪ್ಪು ಬಟ್ಟೆ ಹೊದಿಸಿದ್ದೀನಿ."

ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್‌ನ ಪೆನ್ನು ನಿಂತಿತು. ದುರ್ಬೀನಪ್ಪ ಹಣೆಯ ಮೇಲಿನ ಕೈಯನ್ನು ಕೆಳಗಿಳಿಸಿದರು.

"ಕಂಡದ್ದು ಏಳೇ" ಎಂದರು. "ಮೂರು ನಾನು ಸೇರಿಸಿದೆ."

"ಯಾಕೆ?"

"ಎರಡು ವರ್ಷದಿಂದ ದೂರದ್ದು ಕರಗಿ ಹೋಗುತ್ತೆ. ನಮ್ಮ ಕಚೇರಿ ಹುಡುಗರು ಎಣಿಸಿ ಬರೆದಿದ್ದನ್ನ ಗುಟ್ಟಾಗಿ ನನ್ನ ಲೆಕ್ಕದ ಜೊತೆ ಹೋಲಿಸಿದೆ. ಯಾವಾಗಲೂ ನನಗೆ ಮೂರು ಕಡಿಮೆ. ಅವತ್ತಿಂದ ಮೂರು ಸೇರಿಸಿ ಹೇಳ್ತಾ ಬಂದೆ. ಒಂದು ಸಲವೂ ತಪ್ಪಾಗಲಿಲ್ಲ. ಇವತ್ತೂ ಮಂಜು ತೆಳು, ನನ್ನ ಕಣ್ಣೇ ಸೋತಿದೆ ಅಂದ್ಕೊಂಡೆ."

"ಆವತ್ತು?"

"ಆವತ್ತು ಅಡ್ಡ ಬಂದಿದ್ದು ನನ್ನ ಕಣ್ಣಲ್ಲ, ಮಂಜು. ಏಳರ ಆಚೆ ಯಾರಿಗೂ ಏನೂ ಕಾಣ್ತಿರಲಿಲ್ಲ. ಅಷ್ಟು ದಟ್ಟ ಮಂಜಲ್ಲಿ ಎಲ್ಲರ ಕಣ್ಣೂ ಒಂದೇ ಸಾರ್. ಅದು ನನಗೆ ಆಗ ಹೊಳೀಲಿಲ್ಲ. ರೂಢಿ ಪ್ರಕಾರ ಮೂರು ಕೂಡಿಸಿಬಿಟ್ಟೆ. ಮಧ್ಯಾಹ್ನ ತಟ್ಟೆ ಮುಂದೆ ಕೂತಾಗ ಗೊತ್ತಾಯ್ತು."

"ಗೊತ್ತಾದ ಮೇಲಾದರೂ ಹೇಳಬಹುದಿತ್ತು. ಆ ಹುಡುಗಿ ಹೆಸರು ಹಾಳಾಗ್ತಿತ್ತು."

"ಮೊಮ್ಮಕ್ಕಳೂ ನನ್ನನ್ನ ದುರ್ಬೀನಜ್ಜ ಅಂತಾರೆ" ಎಂದರು.

6-50ಕ್ಕೆ ಬಂಧಿಸಲಾಯಿತು. ದಾಖಲೆ ತಿದ್ದಿದ್ದು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು, ಎರಡೂ ಆರೋಪ. ಆತನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಇನ್ನೊಬ್ಬರ ಆಸ್ತಿಯ ಮೇಲೆ ಕಣ್ಣೂ ಇರಲಿಲ್ಲ. ಜನ ಮೆಚ್ಚಿ ಕೊಟ್ಟ ಒಂದು ಹೆಸರನ್ನು ಕೈಬಿಡಲಾಗಲಿಲ್ಲ, ಅಷ್ಟೇ. ದೇವರು ಕೊಟ್ಟ ಕಣ್ಣನ್ನು ದೇವರು ಹಿಂದಕ್ಕೆ ಪಡೆಯುವಾಗ ಅದನ್ನು ಒಪ್ಪಿಕೊಂಡು ಪಕ್ಕಕ್ಕೆ ಸರಿಯುವುದು ಮನುಷ್ಯನಿಗೆ ಎಷ್ಟು ಕಷ್ಟವೆಂದು ವಯಸ್ಸಾದವರಿಗೆ ಗೊತ್ತು. ಆದರೆ ಆ ಕಷ್ಟದ ಬೆಲೆಯನ್ನು ತೆತ್ತವಳು ಆಗಸದಲ್ಲಿದ್ದ ಪರರ ಮಗಳು.

ಸಂಜೆ ಇನ್‌ಸ್ಪೆಕ್ಟರ್ ತಾಯಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಎಲ್ಲ ಕೇಳಿದ ಮೇಲೆ ಆಕೆ ಅಂದರು:

"ಪೈಲಟ್ ತನಗೆ ಬಂದ ವರದಿಯಂತೆಯೇ ನಡೆದುಕೊಂಡಳು ಅಂತ ಆರೋಪಪಟ್ಟಿಯಲ್ಲಿ ಬರೀತೀರಾ?"

"ಖಂಡಿತ ಬರೀತೀನಿ ಅಮ್ಮ."

"ಆ ಮನುಷ್ಯ ಅಳ್ತಿದ್ದರಾ?"

"ಇಲ್ಲ. ಕೂತೇ ಇದ್ದರು."

"ಅಳಲಿ. ಅತ್ತರೆ ಹಗುರ ಆಗುತ್ತೆ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯತ್ತ ತಿರುಗಿದರು. ಇನ್‌ಸ್ಪೆಕ್ಟರ್ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತರು. ಆಕೆ ಕೈ ಮುಗಿದಿದ್ದರು. ದನಿ ಕೇಳಿಯೂ ಕೇಳದಷ್ಟು ಮೆಲ್ಲಗಿತ್ತು.

"ಭಗವಂತಾ, ಹೇಳಿದ ಮಾತನ್ನ ನಂಬಿ ಬಂದ ಮಗು ಅದು. ದಾರಿ ಕಾಣದೆ ಹೋಯಿತು. ನಿನ್ನ ಹತ್ತಿರ ಬರುವಾಗಲಾದರೂ ಅದಕ್ಕೆ ದಾರಿ ಸ್ಪಷ್ಟವಾಗಿ ಕಾಣಲಿ. ಕೈ ಹಿಡಿದು ಇಳಿಸಿಕೋ. ಅದರ ಆತ್ಮಕ್ಕೆ ಶಾಂತಿ ಕೊಡು."