ಒಂಟಿ ದೀಪ ಕಳವಾದ ಅಮಾವಾಸ್ಯೆ

ಡಬ್ಬಿ ತೆರೆದ ಪ್ರವೀಣಕುಮಾರನ ಕೈ ಅಲ್ಲೇ ನಿಂತಿತು.

ಒಳಗೆ ಸೀಡಿ ಇರಲಿಲ್ಲ.

ಮುಚ್ಚಳ ಎತ್ತುವಾಗ ಬೆಳಗಿನ ಪೂಜೆಯ ವಿಭೂತಿ ಅವನ ಕರಿ ಪ್ಯಾಂಟಿನ ಮೇಲೆ ಉದುರಿತ್ತು. ಅದನ್ನು ಕೊಡವಿಕೊಳ್ಳುವಷ್ಟು ಎಚ್ಚರವೂ ಅವನಿಗಿರಲಿಲ್ಲ.

"ಹಾಕಪ್ಪಾ, ಯಾಕ ನಿಂತಿ?" ಎಂದ ಅರುಣಕುಮಾರ.

"ಸೀಡಿ ಇಲ್ಲ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಇಲ್ಲ ಮಾರಾಯ! ಯಾರೋ ಹೊಡೆದಾರ!"

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ ಪ್ರವೀಣನ ವಿಡಿಯೋ ಗೇಮ್ ಅಂಗಡಿ. ಅಪ್ಪನ ಕಾಲಕ್ಕೆ ಅದು ಕಿರಾಣಿ ಅಂಗಡಿ. ಬೇಳೆ, ಬೆಲ್ಲ ಇಡುತ್ತಿದ್ದ ಕಪಾಟಿನಲ್ಲಿ ಈಗ ಆಟದ ಡಬ್ಬಿಗಳು ಸಾಲಾಗಿ ನಿಂತಿವೆ. ವ್ಯಾಪಾರ ಬದಲಾದರೂ ಅಮಾವಾಸ್ಯೆಯ ಪೂಜೆ ಬದಲಾಗಿಲ್ಲ. ಆ ಭಾನುವಾರವೂ ಅಮಾವಾಸ್ಯೆ. ಬೆಳಿಗ್ಗೆ ಬಾಗಿಲು ತೆಗೆದವನೇ ಪ್ರವೀಣ ಮಷೀನಿಗೆ, ಟಿವಿಗೆ, ಕಪಾಟಿನ ಒಂದೊಂದು ಡಬ್ಬಿಗೆ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ಲೋಬಾನದ ಹೊಗೆ ಹಾಕಿ, ಕಾಯಿ ಒಡೆದಿದ್ದ. ದೇವರು ನೋಡಿಕೊಳ್ಳುತ್ತಾನೆ ಎಂದು ನಂಬಿ ಕುಳಿತಿದ್ದ.

ಕಳವಾದ ಆಟದ ಹೆಸರು 'ಒಂಟಿ ದೀಪ'. ಒಬ್ಬ ಹುಡುಗಿ, ಕೈಯಲ್ಲೊಂದು ಹಣತೆ. ಏಳು ಹಾಳು ಕೋಟೆ ದಾಟಿ ತಾಯಿಯ ಮನೆ ಮುಟ್ಟಬೇಕು. ಕತ್ತಿಯಿಲ್ಲ, ಬಂದೂಕಿಲ್ಲ, ದಾರಿ ತೋರಿಸುವ ನಕ್ಷೆಯೂ ಇಲ್ಲ. ಗಾಳಿಗೆ ದೀಪ ಆರಿತೋ — ಮತ್ತೆ ಆ ಕೋಟೆಯ ಮೊದಲ ಬಾಗಿಲು! ಆಡಿದವರಲ್ಲಿ ಅರ್ಧ ಜನ ತಲೆಯ ಮೇಲೆ ಹೊತ್ತು ಕುಣಿದರು, ಇನ್ನರ್ಧ ಜನ ಬಾಯಿಗೆ ಬಂದಂತೆ ಬೈದರು. ಮಾಡಿದ ಕಂಪನಿ ಮುಳುಗಿತು. ಈಗ ಅದು ಅಂಗಡಿಯಲ್ಲೂ ಸಿಗದು, ಇಂಟರ್‌ನೆಟ್ಟಿನಲ್ಲೂ ಸಿಗದು. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಪ್ರವೀಣನಿಗೆ ದಕ್ಕಿದ ಆ ಸೀಡಿಯೇ ಸುತ್ತಲಿನ ಐದು ತಾಲ್ಲೂಕಿಗೂ ಒಂದೇ.

ಪ್ರತಿ ಭಾನುವಾರ ಅಂಗಡಿಯಲ್ಲಿ ಸೇರುವ ಗೆಳೆಯರ ಜಗಳ ಹುಟ್ಟಿದ್ದೂ ಅದರಿಂದಲೇ. ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ಅರುಣಕುಮಾರ ಆಟದ ಪರ. ಗುಡೇಕೋಟೆಯ ಹುಲುಗೇಶ ವಿರೋಧಿ. ಗಾರೆ ಕೆಲಸಕ್ಕೆ ಕೊಟ್ಟೂರಿಗೆ ಬಂದಾಗಲೆಲ್ಲ ಸಂಜೆ ಕುಳಿತು ಆಡುವವನು, ಆಡಿದಷ್ಟೂ ಬೈಯುವವನು. ಹರಪನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಭಾಗ್ಯ ಮಾತ್ರ ಒಂದು ವಾರ ಆ ಕಡೆ, ಒಂದು ವಾರ ಈ ಕಡೆ.

ಹೋದ ವಾರದ ಜಗಳ ಹೀಗಿತ್ತು —

"ಆ ನಿಧಾನ ನಡಿಗೀನ ಆಟದ ಜೀವ," ಎಂದಿದ್ದ ಅರುಣ. "ದೀಪ ಹಿಡಿದಾಕಿ ಓಡ್ತಾಳೇನು? ಗಾಳಿ ಬಂದಾಗ ಕೈ ಅಡ್ಡ ಹಿಡೀತಾಳಲ್ಲ, ಕಣ್ಣಾಗ ನೀರು ಬರ್ತಾವು."

"ನಿನಗ ಕಣ್ಣಾಗ ನೀರು, ನನಗ ಬೆರಳಾಗ ಜೋಮು," ಎಂದಿದ್ದ ಹುಲುಗೇಶ. "ಐದನೇ ಕೋಟ್ಯಾಗ ಮೆಟ್ಟಲಾ ಹತ್ತೋದಾ ಹತ್ತೋದು. ಮ್ಯಾಲೆ ಹೋದ್ರ ಬರೇ ಗೋಡಿ. ಮತ್ತ ಇಳಿ! ಆಡೋರ ಹೊತ್ತಿಗೆ ಬೆಲಿ ಇಲ್ಲೇನು? ಇಷ್ಟೆಲ್ಲಾ ಮಾಡಿ ಹೋದ್ರ ತಾಯಿ ಮನಿ ಬಾಗಲಾ ತೆರೆಯಂಗಿಲ್ಲ. ಇದೊಂದು ಕತಿ!"

"ಬಾಗಿಲು ತೆರೆದಿದ್ರೆ ನಾವು ವಾರಗಟ್ಲೆ ಇದನ್ನೇ ಮಾತಾಡ್ತಿದ್ವಾ?" ಎಂದು ಭಾಗ್ಯ ನಡುವೆ ಬಾಯಿ ಹಾಕಿದ್ದಳು.

ಹುಲುಗೇಶ ಕಡೆಗೆ ಸವಾಲು ಒಗೆದಿದ್ದ. "ಅಷ್ಟು ಚಂದ ಐತಿ ಅಂದ್ರ ಏಳನೇ ಕೋಟಿ ನಮ್ಮ ಮುಂದ ಆಡಿ ತೋರ್ಸಲೇ ಅರುಣ. ನೀ ದಾಟಿದ್ರ ನಾ ಇನ್ನ ಈ ಆಟ ಬೈಯಂಗಿಲ್ಲ."

"ದಾವಣಗೆರಿ ರೂಮಿನಾಗ ಇದ್ದಾಗ ಎಲ್ಡ್ ಸಲ ಮುಗಿಸೀನಲೇ. ಮುಂದಿನ ಐತಾರ ಬಾ."

ಆ ಐತಾರವೇ ಇವತ್ತು. ಮೂವರೂ ಬಂದು ಕುಳಿತಿದ್ದಾರೆ, ಸೀಡಿ ಮಾಯ!

ಪ್ರವೀಣನ ತಲೆ ಬಿಸಿಯಾಯಿತು. ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದವನು ಹುಲುಗೇಶ. ಅವನನ್ನೊಬ್ಬನನ್ನೇ ಒಳಗೆ ಬಿಟ್ಟು ತಾನು ಚಹಾ ತರಲು ಹೋಗಿದ್ದ. ಮತ್ತೆ ಯೋಚಿಸುವುದೇನಿದೆ?

"ಹುಲುಗೇಶ, ಚೀಲ ತೆಗಿ."

"ಯಾಕ?"

"ತೆಗಿ ಅಂದೆ. ಆಟ ಹಾಳಾಗಿ ಹೋಗ್ಲಿ ಅಂತ ದಿನಾ ಅಂತಿದ್ದಿಲ್ಲ? ನೀನಲ್ಲದ ಇನ್ಯಾರು?"

ಹುಲುಗೇಶ ಅವನ ಮುಖವನ್ನೇ ನೋಡಿದ. ಆಮೇಲೆ ಗಾರೆ ಮೆತ್ತಿದ ತನ್ನ ಚೀಲದ ಜಿಪ್ಪು ಎಳೆದು ಒಂದೊಂದಾಗಿ ತೆಗೆದಿಟ್ಟ. ಟವೆಲ್ಲು. ನೀರಿನ ಬಾಟಲಿ. ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು.

"ಅದೇನು?"

"ರೊಟ್ಟಿ."

"ಬಿಚ್ಚು."

ಬಿಚ್ಚಿದ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಒಬ್ಬನ ಊಟಕ್ಕೆ ಅಷ್ಟು ಯಾಕೆ? ಪ್ರವೀಣ ರೊಟ್ಟಿಗಳನ್ನು ಎತ್ತೆತ್ತಿ ನಡುವೆ ನೋಡಿದ. ಏನೂ ಇರಲಿಲ್ಲ.

"ನಮ್ಮವ್ವ ಕಟ್ಟ್ಯಾಳ," ಎಂದ ಹುಲುಗೇಶ. "ಆಟ ಮುಗಿದ ಮ್ಯಾಲೆ ಎಲ್ಲಾರೂ ಕೂಡಿ ಉಣ್ರಿ ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಡೇಕೋಟೆಗೆ ಹೋದಾಗ ಹುಲುಗೇಶನ ಅವ್ವ ದ್ಯಾಮಕ್ಕನ ಕೈಯಿಂದಲೇ ಪ್ರವೀಣ ಎಷ್ಟೋ ಸಲ ಉಂಡಿದ್ದ. ಅವನ ಕಿವಿ ಕಾದವು. ಆದರೂ ಬಾಯಿ ಸೋಲಲಿಲ್ಲ. "ಚೀಲದಾಗ ಇಲ್ಲ ಅಂದ್ರ ಹೊರಗ ಎಲ್ಲೋ ಇಟ್ಟು ಬಂದೀಯ," ಎಂದುಬಿಟ್ಟ.

ಆ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ವೀರಭದ್ರಯ್ಯ! ನಿವೃತ್ತ ಎ.ಎಸ್.ಐ., ಎಲ್ಲರ ಬಾಯಲ್ಲೂ 'ಅಯ್ಯನವರು'. ಹಿಂದೆ ಕೂಡ್ಲಿಗಿ ಠಾಣೆಯಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋದವರು. ಈಗ ಪ್ರವೀಣನ ಅಂಗಡಿಯಲ್ಲಿ ಕಾರ್ ರೇಸ್ ಆಡುತ್ತ ದಿನಕ್ಕೊಂದು ಗೋಡೆ ಗುದ್ದುವವರು. ಭಾನುವಾರದ ಜಗಳಕ್ಕೆ ಅವರೇ ಪಂಚರು. ದೇವಸ್ಥಾನದಿಂದ ನೇರ ಬಂದಿದ್ದರು.

ಬಿಚ್ಚಿದ ಗಂಟು ನೋಡಿದರು. ನಾಲ್ಕು ಮುಖ ನೋಡಿದರು. "ಏನು ನಡದೈತಿ?"

ಪ್ರವೀಣ ಹೇಳಿದ. ಚೀಲದ ವಿಷಯ ಬಂದಾಗ ಅವನ ದನಿ ಸಣ್ಣದಾಯಿತು.

"ಮುಂಜಾನಿ ಸೀಡಿ ಇತ್ತೋ?"

"ಇತ್ರೀ. ಪೂಜಿ ಮಾಡೋವಾಗ ನಾನ ಕಪಾಟಿನಾಗ ನೋಡೀನಿ."

"ನೋಡಿದ್ದು ಡಬ್ಬಿನೋ, ಸೀಡಿನೋ?"

"ಎಲ್ಡೂ ಒಂದಾ ಅಲ್ಲೇನ್ರಿ ಅಯ್ನೋರ?"

ಅಯ್ಯನವರು ಖಾಲಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪ್ರವೀಣನ ತೊಡೆಯ ಮೇಲೆ ಅವರ ಕಣ್ಣು ನಿಂತಿತು.

"ಪ್ಯಾಂಟಿಗೆ ಬೆಳ್ಳಗ ಏನದು?"

"ವಿಭೂತಿ ರೀ. ಡಬ್ಬಿ ತೆರೆಯೋವಾಗ ಉದುರಿರಬೇಕು." ಪ್ರವೀಣ ಕೊಡವಲು ಹೋದ.

"ಇರ್ಲಿ ಬಿಡು, ಕೊಡವಬ್ಯಾಡ." ಕುರ್ಚಿ ಎಳೆದು ಕುಳಿತರು. "ಹುಲುಗೇಶ, ನಿನಗೊಂದು ಕೇಳ್ತೀನಿ. ಆಟದಾಗ ಗಾಳಿ ಬಂದಾಗ ದೀಪಕ್ಕ ಕೈ ಅಡ್ಡ ಹಿಡಿಯೋದು ಹ್ಯಾಂಗ?"

ಎಲ್ಲರಿಗೂ ಆಶ್ಚರ್ಯ. ಕಳವಿನ ವಿಚಾರಣೆಯಲ್ಲಿ ಇದೆಂಥ ಪ್ರಶ್ನೆ?

"ನಾ ಹೇಳಂಗಿಲ್ರಿ," ಎಂದ ಹುಲುಗೇಶ. "ಕಳ್ಳನ ಮಾತು ಯಾರು ನಂಬ್ತಾರ?"

"ಅರುಣ, ನೀ ಹೇಳಪ್ಪಾ ಹಂಗಾರ. ಎಲ್ಡ್ ಸಲ ಮುಗಿಸಿದಾಂವ."

"ಅದೇನ್ರಿ, ರಿಮೋಟಿನ ಹಿಂದಿನ ಗುಂಡಿ," ಎಂದ ಅರುಣ ನಗುತ್ತ. "ಒಮ್ಮೆ ಒತ್ತಿದ್ರ ಆತು. ಆಕೀನ ಕೈ ಹಿಡೀತಾಳ."

ಹುಲುಗೇಶ ಥಟ್ಟನೆ ತಲೆ ಎತ್ತಿದ. ಸಿಟ್ಟು, ಅವಮಾನ ಎಲ್ಲ ಮರೆತು ಜಗಳದ ಹುರುಪೇ ಮೇಲೆ ಬಂತು. "ಒಮ್ಮೆ ಒತ್ತಿದ್ರ? ಏ, ಕೋಟಿ ದಾಟೋತನಕ ಒತ್ತಿಕೊಂಡಾ ಇರಬೇಕಲೇ! ಚೂರು ಬಿಟ್ರ ದೀಪ ಆರ್ತದ. ಬೆರಳು ಜೋಮು ಹಿಡೀತೈತಿ ಅಂತ ನಾ ಇಷ್ಟು ದಿನ ಬೈದದ್ದು ಮತ್ಯಾತಕ್ಕ?"

ಅರುಣನ ನಗು ಮುಖದ ಮೇಲೇ ಒಣಗಿತು.

"ಹೌದಲ್ಲ," ಎಂದಳು ಭಾಗ್ಯ ಮೆಲ್ಲಗೆ. "ನಾನು ಮೂರನೇ ಕೋಟೆಗೇ ಕೈ ಚೆಲ್ಲಿದ್ದು ಅದಕ್ಕೇ."

"ಪ್ರವೀಣ," ಎಂದರು ಅಯ್ಯನವರು, "ನಿಮ್ಮಪ್ಪ ಅಮಾಸಿಗೆ ಗಲ್ಲಾಪೆಟಗಿಗೆ ವಿಭೂತಿ ಎಲ್ಲಿ ಎಳೀತಿದ್ದ?"

"ಬಾಯಿಗೆ ರೀ. ಮುಚ್ಚಳಕ್ಕೂ ಪೆಟಗಿಗೂ ಕೂಡಿಸಿ. ಬೋಣಿ ಆಗೋತನಕ ಪೆಟಗಿ ತೆರೆಯಬಾರದು ಅಂತ."

"ನೀನು ಡಬ್ಬಿಗೆ ಎಲ್ಲಿ ಎಳೀತಿ?"

"ಹಂಗಾ ರೀ. ಬಾಯಿಗೆ..." ಪ್ರವೀಣನ ಕೈ ತಾನಾಗಿ ತೊಡೆಯ ಮೇಲಿನ ಬಿಳಿ ಚೂರುಗಳ ಕಡೆ ಹೋಯಿತು.

"ಈಗ ತಿಳೀತಾ? ಒಣಗಿದ ವಿಭೂತಿ ನೀ ತೆರೆದಾಗ ಒಡದು ನಿನ್ನ ಮ್ಯಾಲೆ ಬಿತ್ತು. ಅಂದ್ರ ಪೂಜಿ ಆದ ಮ್ಯಾಲೆ ಆ ಡಬ್ಬಿ ಯಾರೂ ಮುಟ್ಟಿಲ್ಲ. ನಿನಗಿಂತ ಮೊದಲು ಯಾರರ ತೆರೆದಿದ್ರ, ಉದುರೋದು ಕಪಾಟಿನಾಗ ಉದುರ್ತಿತ್ತು."

"ತೆರೆದವರು ಮತ್ತೆ ಬಳಿದಿದ್ರೆ?" ಎಂದಳು ಭಾಗ್ಯ.

"ಈಗಿನ್ನೂ ಹಸಿ ಇರ್ತಿತ್ತವ್ವ. ಬೆರಳಿಗೆ ಅಂಟ್ತಿತ್ತು, ಹಿಂಗ ಉದುರ್ತಿದ್ದಿಲ್ಲ." ಅಯ್ಯನವರು ಪ್ರವೀಣನ ಕಡೆ ತಿರುಗಿದರು. "ಇವತ್ತು ಮಧ್ಯಾಹ್ನ ಬಂದ ಹುಲುಗೇಶ ಹ್ಯಾಂಗ ಕದ್ದಾನು? ನೀ ಮುಂಜಾನಿ ಪೂಜಿ ಮಾಡಿದ್ದು ಖಾಲಿ ಡಬ್ಬಿಗೆ. ನಿನ್ನೆ ಇಲ್ಲಿ ಆ ಆಟ ಯಾರು ಆಡಿದ್ರು?"

ಪ್ರವೀಣನಿಗೆ ಉತ್ತರ ಗೊತ್ತಿತ್ತು. ನಿನ್ನೆ ಸಂಜೆ ಅರುಣ ಬಂದಿದ್ದ. ಕೈ ಪಳಗಿಸಿಕೊಳ್ಳುತ್ತೇನೆ, ಯಾರೂ ನೋಡಬಾರದು ಎಂದಿದ್ದ. ಅವನನ್ನು ಒಳಗೆ ಬಿಟ್ಟು ಪ್ರವೀಣ ಊಟಕ್ಕೆ ಹೋಗಿದ್ದ. ಬಂದಾಗ ಡಬ್ಬಿ ಕಪಾಟಿನಲ್ಲಿ ಇತ್ತು. ಡಬ್ಬಿ ಇದ್ದರೆ ಸಾಕಲ್ಲ ಎಂದುಕೊಂಡಿದ್ದ! ಈಗ ಅವನ ಕಣ್ಣು ಅರುಣನ ಕಡೆ ಹೊರಳಿತು.

"ಆಟ ಆಡದಾಂವ, ಆಡಿ ತೋರಿಸೋ ದಿನ ಬಂದಾಗ ಏನು ಮಾಡ್ತಾನ?" ಎಂದರು ಅಯ್ಯನವರು. "ಅರುಣ, ಎದ್ದು ತಗೊಂಡು ಬಾ."

ಅರುಣ ಎದ್ದ. ಹೊರಗೆ ಹೋಗಲಿಲ್ಲ. ಕಪಾಟಿನ ಮೂಲೆಯಲ್ಲಿ ಯಾರೂ ಮುಟ್ಟದ ಹಳೇ ಕ್ರಿಕೆಟ್ ಆಟದ ಡಬ್ಬಿ ಇಳಿಸಿದ. ತೆರೆದಾಗ ಅದರ ಬಾಯಿಂದಲೂ ಬಿಳಿ ವಿಭೂತಿ ಉದುರಿತು. ಒಳಗೆ ಒಂದರ ಮೇಲೊಂದು ಎರಡು ಸೀಡಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಪ್ರವೀಣ ಊರು ಹುಡುಕಿರಲಿಲ್ಲ, ಒಂದು ರೊಟ್ಟಿ ಗಂಟು ಹುಡುಕಿದ್ದ.

"ನಾ ವಿಡಿಯೋದಾಗ ನೋಡಿದ್ದು ಅಷ್ಟ," ಎಂದ ಅರುಣ, ನೆಲ ನೋಡುತ್ತ. "ಯಾರೋ ಆಡಿದ್ದು. ನೋಡಿ ಅತ್ತಿದ್ದು ಖರೇ, ಅದು ಸುಳ್ಳಲ್ರಿ. ನಿನ್ನೆ ಕುಂತರ ಮೊದಲನೇ ಕೋಟಿ ಬಾಗಲಾ ಸೈತ ದಾಟಲಿಲ್ಲ. ನಾಳೆ ಸೋಮವಾರ ಬಂದು ಸುಮ್ಮನ ಇಟ್ಟು ಹೋಗೋಣಂತ ಇದ್ದೆ. ಚೀಲ ಬಿಚ್ಚಿಸೋವಾಗ ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಯಾರೂ ಬೈಯಲಿಲ್ಲ. ಬೈದಿದ್ದರೆ ಪ್ರವೀಣನಿಗೆ ಎಷ್ಟೋ ಹಗುರಾಗುತ್ತಿತ್ತು. ಆಗ ಭಾಗ್ಯ ತನ್ನ ಬ್ಯಾಗನ್ನು ಮೇಜಿನ ಮೇಲೆ ಇಟ್ಟಳು.

"ಪ್ರವೀಣ, ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ ಬ್ಯಾಗೂ ಇಲ್ಲೇ ಇತ್ತಲ್ಲ? ಅರುಣಣ್ಣಂದೂ ಇತ್ತು. ನಮ್ದ್ ಯಾಕೆ ಬಿಚ್ಚಿಸ್ಲಿಲ್ಲ?"

ಆಟ ಬೈಯುತ್ತಿದ್ದವನು ಹುಲುಗೇಶನೊಬ್ಬನೇ ಎಂದು ಹೇಳಬಹುದಿತ್ತು. ಒಬ್ಬನೇ ಒಳಗಿದ್ದ ಎಂದೂ ಹೇಳಬಹುದಿತ್ತು. ಎರಡೂ ನಿಜ. ಆದರೆ ಇವತ್ತು ಅವನ ಬದಲು ಅರುಣ ಒಬ್ಬನೇ ಒಳಗಿದ್ದಿದ್ದರೆ ಅವನ ಲೆದರ್ ಬ್ಯಾಗಿಗೆ ಕೈ ಹಚ್ಚುತ್ತಿದ್ದೆನೇ? ಇಲ್ಲ. ಗೊಬ್ಬರದಂಗಡಿಯ ಮಾಲೀಕನಿಗೆ 'ತೆಗಿ' ಎನ್ನುವ ಮಾತು ಬಾಯಿಗೆ ಬರುತ್ತಲೇ ಇರಲಿಲ್ಲ. ಗಾರೆ ಮೆತ್ತಿದ ಚೀಲಕ್ಕೆ ಮಾತ್ರ ಅದು ತಡವರಿಸದೆ ಬಂದಿತ್ತು. ಪ್ರವೀಣನಿಗೆ ತನ್ನ ಮೇಲೇ ಹೇಸಿಗೆ ಬಂತು.

"ಕಳವು ಮಾಡಿದಾಂವ ಒಬ್ಬ ಸಿಕ್ಕ," ಎಂದರು ಅಯ್ಯನವರು, ಎದ್ದು ಚಪ್ಪಲಿ ಹುಡುಕುತ್ತ. "ಇನ್ನೊಬ್ಬಾಂವ ಯಾರಂತ ನಾ ಹೇಳೋದು ಬ್ಯಾಡ, ಅವಗ ಗೊತ್ತೈತಿ."

ಪ್ರವೀಣ ತಲೆ ಎತ್ತಿದಾಗ ಹುಲುಗೇಶ ಇರಲಿಲ್ಲ. ಚೀಲವೂ ಇರಲಿಲ್ಲ. ರೊಟ್ಟಿ ಗಂಟು ಮಾತ್ರ ಬಿಚ್ಚಿದಂತೆಯೇ ಮೇಜಿನ ಮೇಲೆ ಇತ್ತು.

ಪ್ರವೀಣ ಅದನ್ನು ಕಟ್ಟಿಕೊಂಡು ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದ. ಗುಡೇಕೋಟೆ ಕಡೆ ಹೋಗುವ ಕೂಡ್ಲಿಗಿ ಬಸ್ಸು ಹೊರಡುವುದರಲ್ಲಿತ್ತು. ಹುಲುಗೇಶ ಕಿಟಕಿ ಪಕ್ಕ ಕುಳಿತಿದ್ದ.

"ಹುಲುಗೇಶ, ತಪ್ಪಾತಲೇ. ಬಾಳ ತಪ್ಪಾತು. ಸೀಡಿ ಹಾಕಿ ಕೊಡ್ತೀನಿ, ಏಳನೇ ಕೋಟಿ ನೀನಾ ಆಡು, ಬಾ ಇಳಿ."

"ಬ್ಯಾಡ. ಇವತ್ತು ಬ್ಯಾಡ."

"ರೊಟ್ಟಿ ಬಿಟ್ಟು ಬಂದಿ..."

"ಅದು ನಿಮಗ ಕಟ್ಟಿದ್ದು. ಒಯ್ದು ಉಣ್ರಿ. ಎಲ್ಲಾರೂ ಉಂಡ್ರು ಅಂತ ಅವ್ವಗ ಹೇಳ್ತೀನಿ."

ಬಸ್ಸು ಅಲುಗಿತು. ಪ್ರವೀಣ ಕಿಟಕಿಯ ಸರಳು ಹಿಡಿದು ಜೊತೆಗೇ ನಡೆದ. "ಮುಂದಿನ ಐತಾರ ಬರ್ತೀಯಿಲ್ಲ? ಹೇಳು, ಬರ್ತೀಯಿಲ್ಲ?"

ಹುಲುಗೇಶ ಅವನ ಬರಿಗಾಲು ನೋಡಿದ.

"ಬರ್ತೀನಿ ಬಿಡು. ಆ ಆಟಕ್ಕ ಬೈಯೋದು ಇನ್ನೂ ಬಾಳ ಐತಿ," ಎಂದ. ಆಮೇಲೆ ಪ್ರವೀಣನ ಬೆರಳುಗಳನ್ನು ಸರಳಿನಿಂದ ಮೆಲ್ಲಗೆ ಬಿಡಿಸಿದ.

"ಆದ್ರ ಚೀಲ ತರಂಗಿಲ್ಲ."